ಕಚ್ಚದ ನಾಯಿ

ನಾಯಿ ಮೊದಲು ಹಿಡಿದದ್ದು ತಮ್ಮನ ಪ್ಯಾಂಟಿನ ಅಂಚನ್ನು. ಅವನು ಕಾಲು ಕೊಡವಿದ, ಹ್ಯಾಂಡಲ್ ಓಲಾಡಿತು, ಮರುಕ್ಷಣ ಸೈಕಲ್ಲೂ ಅವನೂ ರಸ್ತೆ ಬದಿಯ ಒಣ ಚರಂಡಿಯಲ್ಲಿದ್ದರು. ಹಿಂದೆ ನಿಧಾನವಾಗಿ ವ್ಯಾನು ಓಡಿಸಿಕೊಂಡು ಬರುತ್ತಿದ್ದ ಅಕ್ಕ ಎಲ್ಲವನ್ನೂ ಮುಂದಿನ ಗಾಜಿನಿಂದ ಕಂಡಳು. ಕಂದು ನಾಯಿ ಈಗ ಪ್ಯಾಂಟು ಬಿಟ್ಟು ಮೀನಖಂಡಕ್ಕೇ ಬಾಯಿ ಹಾಕಿತ್ತು. ಬೂದು ಬಣ್ಣದ ಇನ್ನೊಂದು ದೊಡ್ಡ ನಾಯಿ ಚರಂಡಿಯ ದಂಡೆಯಲ್ಲಿ ನಿಂತು ಬೊಗಳುತ್ತಿತ್ತು. ಅಕ್ಕ ಹಾರ್ನ್ ಒತ್ತಿ ಹಿಡಿದಳು.

ಮುಂದೆ ಹೋಗಿದ್ದ ಅವಳ ಗಂಡ ಸೈಕಲ್ ತಿರುಗಿಸಿಕೊಂಡು ಬಂದರು. ಊರಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮೇಷ್ಟ್ರು ಇಳಿದು, ಸೈಕಲ್ಲನ್ನು ಮರಕ್ಕೆ ಒರಗಿಸಿ, ಸೀಟಿನ ಕೆಳಗೆ ಸುತ್ತಿದ್ದ ಬೀಗದ ಸರಪಳಿಯನ್ನು ಬಿಚ್ಚಿಕೊಂಡರು. ಮೊದಲ ಏಟಿಗೇ ಕಂದು ನಾಯಿ ಕುಂಯ್ಗುಟ್ಟುತ್ತ ಹೊಲಕ್ಕೆ ಹಾರಿ ಓಡಿತು. ಬೂದು ನಾಯಿ ಓಡಲಿಲ್ಲ. ದಂಡೆ ಬಿಟ್ಟು ರಸ್ತೆಗಿಳಿದು ಬೊಗಳುತ್ತಲೇ ಇತ್ತು. ಮುಂದಿನ ಏಟು ಅದರ ಬೆನ್ನಿಗೆ ಬಿತ್ತು, ಅದರ ಮುಂದಿನದು ತಲೆಗೆ. ಅಕ್ಕ ವ್ಯಾನು ನಿಲ್ಲಿಸಿ ಇಳಿದು ಬರುವಷ್ಟರಲ್ಲಿ ಅದು ಮಲಗಿಕೊಂಡು ರಸ್ತೆಯನ್ನು ಕಾಲಿನಿಂದ ಗೀಚುತ್ತಿತ್ತು. ಗೀಚುವುದು ನಿಂತ ಮೇಲೂ ಮೇಷ್ಟ್ರು ಹೊಡೆದರು.

ಮೇಷ್ಟ್ರು ನಡೆಸುತ್ತಿದ್ದದ್ದು ಕಾರು ಓಡಿಸಲು ಕಲಿಸುವ ಶಾಲೆ. ಊರಿನ ಅರ್ಧ ಜನ ಅವರ ಹತ್ತಿರ ಬೈಸಿಕೊಂಡೇ ಗೇರು ಹಾಕುವುದನ್ನು ಕಲಿತವರು. ಬೈಸಿಕೊಂಡವರೆಲ್ಲ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದುದರಿಂದ ಆ ಬೈಗುಳಕ್ಕೂ ಒಂದು ಒಳ್ಳೆಯ ಹೆಸರಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಅಕ್ಕ ಕೂಡ ಅವರಿಂದಲೇ ಕಲಿತಳು. ಮನೆಯಲ್ಲಿ ಅವರ ಸಿಟ್ಟು ಬಾಗಿಲಿನ ಮೇಲೆ, ತಟ್ಟೆಯ ಮೇಲೆ, ಒಮ್ಮೆ ಬಟ್ಟೆ ಅಳತೆ ನೋಡಲು ಬಂದವರಿಗೆಂದು ಇಟ್ಟಿದ್ದ ನಿಲುವುಗನ್ನಡಿಯ ಮೇಲೆ ಹೋಯಿತು. ಸದ್ದು ಕೇಳಿ ಪಕ್ಕದ ಮನೆಯವರು ವಿಚಾರಿಸಿದರೆ ಅಕ್ಕ, ಅವರಿಗೆ ಕೋಪ ಜಾಸ್ತಿ, ಆದರೆ ಕೈ ಮಾಡುವವರಲ್ಲ ಅನ್ನುತ್ತಿದ್ದಳು. ಅವಳ ಅಮ್ಮನೂ ಹಾಗೇ ಅನ್ನುತ್ತಿದ್ದಳು, ತಮ್ಮನೂ ಅನ್ನುತ್ತಿದ್ದ. ಹೇಳಿ ಹೇಳಿ ಆ ಮಾತು ಮನೆಮಂದಿಗೆಲ್ಲ ಬಾಯಿಪಾಠವಾಗಿತ್ತು.

ಎಲೆ ಉದುರುವ ಕಾಲಕ್ಕೆ ಶಾಲೆಗೆ ಬರುವವರು ಕಡಿಮೆ. ಈ ಸಲ ಮೇಷ್ಟ್ರು ಒಳಗೇ ಹಾಸಿಗೆ, ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲ ಇರುವ ದೊಡ್ಡ ವ್ಯಾನೊಂದನ್ನು ಬಾಡಿಗೆಗೆ ತಂದರು. ಗಂಡಸರಿಬ್ಬರು ಒಳನಾಡಿನ ಹಳ್ಳಿಯಿಂದ ಹಳ್ಳಿಗೆ ಸೈಕಲ್ಲಿನಲ್ಲಿ ಹೋಗುವುದು, ಅಕ್ಕ ವ್ಯಾನನ್ನು ಮುಂದಿನ ತಂಗುವ ಜಾಗಕ್ಕೆ ತರುವುದು ಎಂದು ಏರ್ಪಾಡಾಯಿತು. ಬೇಕರಿಯಲ್ಲಿ ಬ್ರೆಡ್ಡು ಮಾಡುವ ತಮ್ಮನಿಗೆ ಹೊಟ್ಟೆ ಬಂದಿತ್ತು. ಈ ಹಿಟ್ಟಿನ ಮೂಟೆಯನ್ನು ಕರಗಿಸಿಯೇ ವಾಪಸು ಕರೆತರುತ್ತೇನೆ ಎಂದು ಮೇಷ್ಟ್ರು ಹೊರಡುವ ಮೊದಲೇ ಸಾರಿದ್ದರು. ವ್ಯಾನಿಗೆ ಬಸವನಹುಳು ಎಂದು ತಮ್ಮ ಹೆಸರಿಟ್ಟ.

ದಾರಿ ಚೆನ್ನಾಗಿತ್ತು. ಕೊಯ್ಲು ಮುಗಿದ ಹೊಲಗಳಲ್ಲಿ ಕೂಳೆ ನಿಂತಿತ್ತು, ಗೋಡೆಗಳ ಮೇಲೆ ಕುಂಬಳಕಾಯಿಗಳನ್ನು ಬಿಸಿಲಿಗಿಟ್ಟಿದ್ದರು, ಹಳ್ಳಿಗಳಲ್ಲಿ ಒಣ ಎಲೆ ಸುಡುವ ಹೊಗೆ ತೆಳ್ಳಗೆ ಹರಡಿರುತ್ತಿತ್ತು. ಸಂಜೆ ಮೂವರೂ ವ್ಯಾನಿನ ಮುಂದೆ ಮಡಚುವ ಕುರ್ಚಿ ಹಾಕಿ ಕೂರುತ್ತಿದ್ದರು. ಮೇಷ್ಟ್ರು ತಮ್ಮ ಸೈಕಲ್ಲಿನ ಒಂದೊಂದು ಕಡ್ಡಿಯನ್ನೂ ಬಟ್ಟೆಯಲ್ಲಿ ಒರೆಸುತ್ತ ಗುನುಗುತ್ತಿದ್ದರು. ಹೊರಟಾಗಿನಿಂದ ಒಂದು ಲೋಟವೂ ಒಡೆದಿಲ್ಲವಲ್ಲ ಎಂದು ಅಕ್ಕ ಅಂದುಕೊಂಡಿದ್ದಳು.

ಆ ದಿನ ರಸ್ತೆ ಕಿರಿದಾಗಿದ್ದುದರಿಂದ ಅವಳು ಅವರ ಹಿಂದೆಯೇ ಬರುತ್ತಿದ್ದಳು.

ಸತ್ತ ನಾಯಿಯ ಕಡೆಗೆ ಕುರಿ ಕಾಯುವವನೊಬ್ಬ ಹೊಲ ದಾಟಿ ಬಂದ. ಓಡಿ ಬರಲಿಲ್ಲ, ಕೂಗಾಡಲೂ ಇಲ್ಲ. ನಡುವಯಸ್ಸಿನ ತೆಳ್ಳನೆಯ ಮನುಷ್ಯ, ಮೈಮೇಲೆ ಅಳತೆಗೆ ಮೀರಿದ ಹಳೆಯ ಕೋಟು, ಕೈಯಲ್ಲಿ ಉದ್ದನೆಯ ಕೋಲು. ಅವನ ಹಿಂದೆ ದೂರದಲ್ಲಿ ಕುರಿಗಳು ತಲೆಯೆತ್ತದೆ ಮೇಯುತ್ತಿದ್ದವು. ಚರಂಡಿಯಲ್ಲಿ ಕೂತು ಕಾಲು ಹಿಡಿದುಕೊಂಡಿದ್ದ ತಮ್ಮನನ್ನು ನೋಡಿದ, ನಾಯಿಯ ಪಕ್ಕ ಮೊಣಕಾಲೂರಿದ. ಹೆಬ್ಬೆರಳಿನಿಂದ ಅದರ ತುಟಿಯನ್ನು ಮೇಲೆತ್ತಿ ಬರಿಯ ವಸಡು ತೋರಿಸಿದ.

"ಇದು ಕಚ್ಚೋದಿಲ್ಲ," ಅಂದ. "ಇದಕ್ಕೆ ಹಲ್ಲೇ ಇಲ್ಲ. ಕಚ್ಚಿದ್ದು ಆ ಎಳೇದು. ಇದನ್ನ ಯಾಕೆ ಹೊಡೆದ್ರಿ?"

ಎರಡೂ ನಿನ್ನವೇ ತಾನೆ ಎಂದು ಮೇಷ್ಟ್ರು ದಬಾಯಿಸಿದರು. ರಸ್ತೆಯಲ್ಲಿ ಹೋಗುವವರ ಮೇಲೆ ನಾಯಿ ಛೂ ಬಿಡುವವನನ್ನು ಮೊದಲು ಕಟ್ಟಿಹಾಕಬೇಕು ಅಂದರು. ಕುರಿಯವನು ಎದ್ದ. ಮರಕ್ಕೆ ಒರಗಿಸಿದ್ದ ಸೈಕಲ್ಲಿನ ಹತ್ತಿರ ನಡೆದುಹೋಗಿ, ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಅದರ ಮುಂದಿನ ಚಕ್ರದ ಮೇಲೆ ಇಳಿಸಿದ. ಕಡ್ಡಿಗಳು ಒಳಕ್ಕೆ ಕುಸಿದವು.

ಮೇಷ್ಟ್ರು ಹಿಂದಿನಿಂದ ಹೋಗಿ ಸರಪಳಿ ಬೀಸಿದರು. ಸದ್ದಿಗೆ ತಿರುಗಿದ ಕುರಿಯವನು ಎಡಗೈ ಅಡ್ಡ ಹಿಡಿದ. ಏಟು ಬಿದ್ದ ಸದ್ದಿನೊಳಗೆ ಇನ್ನೊಂದು ಸಣ್ಣ ಸದ್ದು ಕೇಳಿಸಿತು, ಕೈ ಮೊಣಕೈಯ ಕೆಳಗೆ ಮಣಿಯಬಾರದ ಕಡೆ ಮಣಿಯಿತು. ಮುಂದಿನ ಏಟಿಗೆ ಕಿವಿ ಹರಿಯಿತು. ಅವನು ಬಿದ್ದ. ಬೆನ್ನು, ಭುಜ, ತಲೆ ಎಂದು ನೋಡದೆ ಏಟುಗಳು ಬಿದ್ದವು. ಹಳೆಯ ಕೋಟಿನಿಂದ ಪ್ರತಿ ಏಟಿಗೂ ಧೂಳು ಏಳುತ್ತಿತ್ತು.

"ರೀ, ಸಾಕು ಬಿಡಿ," ಎಂದಳು ಅಕ್ಕ. ಮನೆಯಲ್ಲಿ ಅವರು ತಟ್ಟೆ ಎತ್ತಿದಾಗ ಹೇಳುತ್ತಿದ್ದ ಅದೇ ದನಿಯಲ್ಲಿ ಮಾತು ಹೊರಟದ್ದು ಅವಳಿಗೇ ಕೇಳಿಸಿತು. ಮೇಷ್ಟ್ರು ಅವಳ ಕಡೆ ತಿರುಗಲಿಲ್ಲ. ಅವರ ಮುಖದ ಮೇಲೆ ಸಿಟ್ಟು ಇದ್ದಂತೆ ಅವಳಿಗೆ ಕಾಣಲಿಲ್ಲ. ಇಕ್ಕಟ್ಟಿನ ಜಾಗಕ್ಕೆ ಗಾಡಿಯನ್ನು ಹಿಂದಕ್ಕೆ ತೂರಿಸುವಾಗ ಇರುತ್ತಿದ್ದ ಏಕಾಗ್ರತೆ ಇತ್ತು. ಕೆಳತುಟಿಯನ್ನು ಹಲ್ಲಿನಲ್ಲಿ ಹಗುರವಾಗಿ ಕಚ್ಚಿಕೊಂಡಿದ್ದರು.

ತಮ್ಮ ಕುಂಟುತ್ತ ಬಂದು, ಭಾವ ಬಿಡಿ, ಸತ್ತುಹೋಗ್ತಾನೆ ಎಂದು ಹಿಂದಿನಿಂದ ತಬ್ಬಿ ಹಿಡಿದ. ಮೇಷ್ಟ್ರ ಮೊಣಕೈ ಅವನ ಬಾಯಿಗೆ ಬಂದು ಬಡಿಯಿತು. ಅವನು ಕೂತುಬಿಟ್ಟ. ಅಂಗೈಗೆ ಉಗುಳಿಕೊಂಡ ರಕ್ತದಲ್ಲಿ ಹಲ್ಲೊಂದು ಇತ್ತು. ಅದನ್ನೇ ನೋಡುತ್ತ ಕೂತ.

ಅಕ್ಕ ವ್ಯಾನಿಗೆ ಹತ್ತಿದಳು. ಎಂಜಿನ್ ಇನ್ನೂ ಓಡುತ್ತಿತ್ತು. ಕುರಿಯವನು ಒಂದೇ ಕೈಯಲ್ಲಿ ಚರಂಡಿಯ ಕಡೆಗೆ ತೆವಳುತ್ತಿದ್ದ. ಅವನು ರಸ್ತೆಯ ಅಂಚು ದಾಟಲಿ ಎಂದು ಕಾದಳು. ಮೇಷ್ಟ್ರು ಸರಪಳಿ ಬೀಸಲು ಜಾಗ ಮಾಡಿಕೊಂಡು ಒಂದು ಹೆಜ್ಜೆ ಹಿಂದಕ್ಕೆ, ರಸ್ತೆಯ ನಡುವಿಗೆ ಬಂದರು. ಅವಳು ಕ್ಲಚ್ ಬಿಟ್ಟಳು. ಸದ್ದಿಗೆ ಅವರು ತಿರುಗಿ ನೋಡಿದರು. ಅವಳನ್ನು ಗುರುತಿಸಿ, ಕಲಿಯುವವರಿಗೆ ನಿಲ್ಲಿಸು ಎಂದು ಹೇಳುವಾಗ ಎತ್ತುತ್ತಿದ್ದ ಹಾಗೆ ಅಂಗೈ ಎತ್ತಿದರು. ಆ ಅಂಗೈ ಕಂಡಾಗಲೆಲ್ಲ ಅವಳ ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಈಗಲೂ ಹೋಯಿತು. ಅವಳು ಅದನ್ನು ಎತ್ತಿ ಪಕ್ಕದ ಆಕ್ಸಿಲರೇಟರಿನ ಮೇಲೆ ಇಟ್ಟು ಒತ್ತಿದಳು.

ಬಂಪರು ಅವರ ತೊಡೆಗೆ ಬಡಿಯಿತು. ಹಿಂದೆ ಡ್ರಾಯರುಗಳೆಲ್ಲ ತೆರೆದು ಚಮಚಗಳು ಚೆಲ್ಲಾಡಿದವು. ಮೇಷ್ಟ್ರು ರಸ್ತೆಯ ಆಚೆ ಬದಿಗೆ ಎಗರಿ ಬಿದ್ದರು, ಸರಪಳಿ ಕೂಳೆಯ ನಡುವೆ ಎಲ್ಲೋ ಹೋಯಿತು.

ಅಕ್ಕ, ತಮ್ಮ ಇಬ್ಬರೂ ಸೇರಿ ಕುರಿಯವನನ್ನು ಎತ್ತಿ ವ್ಯಾನಿನ ಹಾಸಿಗೆಯ ಮೇಲೆ ಮಲಗಿಸಿದರು. ಅವನಿಗೆ ಎಚ್ಚರವಿತ್ತು. ನಾಯಿಯನ್ನು ರಸ್ತೆಯಲ್ಲಿ ಬಿಡಬೇಡಿ, ಅದರ ಮೇಲೆ ಗಾಡಿಗಳು ಹತ್ತುತ್ತವೆ ಎಂದು ಅವನು ಹೇಳಿದ್ದು ಅವಳಿಗೆ ಎರಡನೇ ಸಲಕ್ಕೆ ಅರ್ಥವಾಯಿತು. ಇಳಿದು ಹೋಗಿ ಬೂದು ನಾಯಿಯ ಮುಂಗಾಲು ಹಿಡಿದು ಎಳೆದಳು. ಅದು ಕಣ್ಣಿಗೆ ಕಂಡದ್ದಕ್ಕಿಂತ ಹಗುರವಾಗಿತ್ತು. ಪಕ್ಕದಲ್ಲೇ ಕೂತಿದ್ದ ಮೇಷ್ಟ್ರು ಸೊಂಟ ಹಿಡಿದುಕೊಂಡು, ನನಗೆ ಏಳಲು ಆಗುತ್ತಿಲ್ಲ, ಮೊದಲು ನನ್ನನ್ನು ಎತ್ತು ಅಂದರು. ಅವಳು ನಾಯಿಯನ್ನು ಮರದ ಬುಡದ ಹುಲ್ಲಿಗೆ ಎಳೆದು ಮಲಗಿಸಿ, ಕೈ ಒರೆಸಿಕೊಳ್ಳದೆ ವ್ಯಾನು ಹತ್ತಿದಳು.

ಆರೋಗ್ಯ ಕೇಂದ್ರ ಇದ್ದದ್ದು ಮುಂದಿನ ಹಳ್ಳಿಯಲ್ಲಿ, ಸುಣ್ಣ ಬಳಿದ ಒಂದೇ ಅಂತಸ್ತಿನ ಕಟ್ಟಡ. ದಾರಿಯುದ್ದಕ್ಕೂ ತಮ್ಮ ಕುರಿಯವನ ತಲೆಗೆ ಟವಲು ಒತ್ತಿ ಹಿಡಿದಿದ್ದ. ಒಂದು ಟವಲು ನೆನೆದ ಮೇಲೆ ಇನ್ನೊಂದು ಹಿಡಿದ, ಅದು ನೆನೆದ ಮೇಲೆ ಮೇಷ್ಟ್ರ ಅಂಗಿ. ಅಕ್ಕನಿಗೆ ಕನ್ನಡಿಯಲ್ಲಿ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅವನು ಮೆಲ್ಲಗೆ, ಎಚ್ಚರ ಇರಿ, ಮಲಗಬೇಡಿ ಎಂದು ಹೇಳುತ್ತಲೇ ಇದ್ದ.

ಡಾಕ್ಟರು ಗಟ್ಟಿ ದನಿಯ ವಯಸ್ಸಾದ ಹೆಂಗಸು. ಕುರಿಯವನನ್ನು ಒಳಗೆ ಸಾಗಿಸಿದ ಮೇಲೆ ಹೊರಗೆ ಬಂದು, ಇದು ಹೇಗಾಯಿತು ಎಂದು ಕೇಳಿದರು. ತಮ್ಮ ತಿರುಗಿ ಅಕ್ಕನ ಮುಖ ನೋಡಿದ. ಊದಿದ ತುಟಿಯಲ್ಲೇ, ಸೈಕಲ್ಲು ತಾಗಿ ಬಿದ್ದುಬಿಟ್ಟರು, ಇಳಿಜಾರಿತ್ತು ಎಂದು ಶುರು ಮಾಡಿದ. ಚೆನ್ನಾಗಿಯೇ ಹೇಳುತ್ತಿದ್ದ. ಮನೆಯಲ್ಲಿ ಒಡೆದ ನಿಲುವುಗನ್ನಡಿಗೆ ಗಾಳಿಯ ಕಾರಣ ಕೊಟ್ಟಿದ್ದವನೂ ಅವನೇ.

"ಅಲ್ಲ," ಎಂದಳು ಅಕ್ಕ. "ನನ್ನ ಗಂಡ ಹೊಡೆದ್ರು. ಸೈಕಲ್ ಸರಪಳೀಲಿ. ಇವನ ಹಲ್ಲೂ ಅವರೇ ಮುರಿದದ್ದು. ಅವರು ನಿಲ್ಲಿಸಲಿಲ್ಲ, ಅದಕ್ಕೆ ನಾನು ಅವರಿಗೆ ಗಾಡಿ ಗುದ್ದಿಸ್ದೆ. ಅಲ್ಲೇ ರಸ್ತೇಲಿದಾರೆ."

ತಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಡಾಕ್ಟರು ಅವಳನ್ನು, ಇದನ್ನೇ ಪೊಲೀಸರಿಗೂ ಹೇಳುತ್ತೀರಾ ಎಂದು ಕೇಳಿದರು. ಹೇಳುತ್ತೇನೆ ಅಂದಳು.

ಪೊಲೀಸ್ ಜೀಪು ಮೇಷ್ಟ್ರನ್ನು ಕರೆತಂದಾಗ ತಮ್ಮನಿಗೆ ಒಳಗೆ ಚುಚ್ಚುಮದ್ದು ಕೊಡುತ್ತಿದ್ದರು. ಅವರನ್ನು ಹಿಂದಿನ ಸೀಟಿನಲ್ಲಿ ಅಡ್ಡ ಕೂರಿಸಿದ್ದರು, ಒಂದು ಕಾಲು ಚಾಚಿತ್ತು. ಅಕ್ಕ ಹತ್ತಿರ ಹೋದಳು. ಅವರ ಕೂದಲಿನಲ್ಲಿ ಒಣ ಎಲೆಯ ಚೂರು ಸಿಕ್ಕಿಕೊಂಡಿತ್ತು. ತೆಗೆಯಲು ಕೈ ಮುಂದಾಯಿತು, ಹಿಂದಕ್ಕೆ ಎಳೆದುಕೊಂಡಳು.

"ಬೇಕೂ ಅಂತಾನೇ ಗುದ್ದಿದ್ಯಾ?" ಎಂದರು.

"ಹೂಂ."

"ನಾಯಿ ಕಚ್ಚಿದ್ದು ನಿನ್ನ ತಮ್ಮನಿಗೆ. ನಾನು ಅವನಿಗೋಸ್ಕರ ಹೊಡೆದದ್ದು."

"ಕಚ್ಚಿದ ನಾಯಿ ಓಡಿಹೋಗಿತ್ತು," ಎಂದಳು. "ಆಮೇಲೆ ಹೊಡೆದದ್ದೆಲ್ಲ ಯಾರಿಗೋಸ್ಕರ?"

ಅವರು ಮುಷ್ಟಿಯಿಂದ ಜೀಪಿನ ಬಾಗಿಲಿಗೆ ಗುದ್ದಿದರು. ಪಕ್ಕದಲ್ಲಿದ್ದ ಪೊಲೀಸಿನವನು ಅವರ ಮಣಿಕಟ್ಟು ಹಿಡಿದು ತೊಡೆಯ ಮೇಲೆ ಇಟ್ಟು ಅಲ್ಲೇ ಒತ್ತಿಕೊಂಡ. ಅವಳು ಹಿಂದಕ್ಕೆ ಸರಿಯಲಿಲ್ಲ. ಸೊಂಟದ ಎಕ್ಸ್-ರೇ ತೆಗೆಸಬೇಕು, ಇಲ್ಲಿ ಯಂತ್ರವಿಲ್ಲ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ, ನಾಳೆ ನೀವೂ ನಿಮ್ಮ ತಮ್ಮನೂ ಠಾಣೆಗೆ ಬರಬೇಕು ಎಂದು ಇನ್ನೊಬ್ಬ ಪೊಲೀಸಿನವನು ಹೇಳಿದ. ನಿಮ್ಮ ಮೇಲೂ ಕೇಸಾಗಬಹುದು ಎಂದೂ ಹೇಳಿದ. ಅವಳು ತಲೆಯಾಡಿಸಿದಳು. ಜೀಪು ತಿರುಗಿಕೊಂಡು ಹೋಯಿತು.

ಕುರಿಯವನು ಬದುಕಿಕೊಳ್ಳುತ್ತಾನೆ ಎಂದು ನರ್ಸು ಬಂದು ತಿಳಿಸಿದಳು. ತಲೆಗೆ ಹೊಲಿಗೆ ಹಾಕಿಯಾಗಿತ್ತು. ಕೈಗೆ ಆಪರೇಷನ್ನು ಬೇಕಾಗಿತ್ತು, ಹರಿದ ಕಿವಿಯಲ್ಲಿ ಇನ್ನು ಕೇಳಿಸುವುದು ಕಷ್ಟ. ಅಕ್ಕ ಮೊಗಸಾಲೆಯ ಬೆಂಚಿನಲ್ಲಿ ಕೂತಳು. ಇದ್ದದ್ದು ಒಂದೇ ಬೆಂಚು.

ಸ್ವಲ್ಪ ಹೊತ್ತಿಗೆ ಒಬ್ಬಳು ಹೆಂಗಸು ಏದುಸಿರು ಬಿಡುತ್ತ ಬಂದಳು. ಕೆಲಸದ ನಡುವೆ ಎದ್ದು ಬಂದವಳು, ಮೊಣಕೈವರೆಗೂ ಮಣ್ಣಿತ್ತು. ನರ್ಸಿನ ಹತ್ತಿರ ಗಂಡನ ವಿಷಯ ಕೇಳಿ, ಈಗ ಒಳಗೆ ಬಿಡುವುದಿಲ್ಲ ಅನ್ನಿಸಿಕೊಂಡು, ಅಕ್ಕನ ಪಕ್ಕದಲ್ಲಿ ಬಂದು ಕೂತಳು. ಅಳಲಿಲ್ಲ. ಅಕ್ಕನ ಉಡುಪಿನ ಮೇಲೆ ಒಣಗಿದ್ದ ರಕ್ತದ ಮೇಲೆ ಅವಳ ಕಣ್ಣು ಬಿತ್ತು.

"ನಿಮ್ಮೋರೂ ಒಳಗಿದಾರಾ?" ಎಂದು ಮೆಲ್ಲಗೆ ಕೇಳಿದಳು.

ತಮ್ಮ ಇದ್ದಾನೆ ಎಂದು ಹೇಳಿದರೆ ಸುಳ್ಳಾಗುತ್ತಿರಲಿಲ್ಲ. ಅಕ್ಕನ ನಾಲಿಗೆಯ ತುದಿಗೆ ಅದೇ ಬಂದಿತ್ತು.

"ನಿಮ್ಮ ಯಜಮಾನರನ್ನ ಹೊಡೆದದ್ದು ನನ್ನ ಗಂಡ," ಎಂದಳು.

ಕುರಿಯವನ ಹೆಂಡತಿ ಅವಳನ್ನೇ ನೋಡಿದಳು. ಅವಳ ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ. ಎದ್ದು ಬಾಗಿಲವರೆಗೆ ಹೋದಳು, ಅಲ್ಲಿ ಗೋಡೆ ಹಿಡಿದು ನಿಂತಳು. ಬಹಳ ಹೊತ್ತಿನ ಮೇಲೆ ತಿರುಗಿ ಬಂದು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಇಬ್ಬರೂ ಒಳಗಿನ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಹೊರಗೆ ಯಾರೋ ಅಂಗಳದ ಎಲೆ ಗುಡಿಸುವ ಸದ್ದು ಬರುತ್ತಿತ್ತು.

ಏನೂ ತಿಳಿಯದ ನರ್ಸು ಎರಡು ಲೋಟ ಚಹಾ ತಂದು ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಇಟ್ಟು ಹೋದಳು. ಹಬೆ ಏಳುತ್ತಿತ್ತು, ಆಮೇಲೆ ನಿಂತಿತು. ಎರಡರ ಮೇಲೂ ತೆಳ್ಳಗೆ ಕೆನೆ ಕಟ್ಟಿತು.