ತೊಳೆದೇ ತಂದ ಕಾಲುಗಳು

ದೊಡ್ಡೇರಿ ಪ್ರಾರ್ಥನಾ ಮಂದಿರದ ಹಿರಿಯ ಮೂಡಲಗಿರಿಯಪ್ಪನಿಗೆ ಪ್ರಾರ್ಥನೆ ಕೆಟ್ಟುಹೋಗಿತ್ತು. ಬಾಯೇನೋ ಚೆನ್ನಾಗಿಯೇ ಓಡುತ್ತಿತ್ತು. ಸ್ತೋತ್ರ, ಹಲ್ಲೆಲೂಯ, ರೋಗಿಗಳ ಹೆಸರು, ಮಳೆ, ಬೆಳೆ, ಸರ್ಕಾರ, ಎಲ್ಲವೂ ಕಂಡಕ್ಟರ್ ಊರುಗಳ ಹೆಸರು ಕೂಗಿದಷ್ಟು ಸರಾಗ. ಬಸ್ಸು ಮಾತ್ರ ಖಾಲಿ. ಕುಡಿತ ಬಿಟ್ಟು ಹೊಸದಾಗಿ ಕ್ರಿಸ್ತನ ಕಡೆ ಬಂದಾಗ ‘ಯೇಸಪ್ಪಾ’ ಎಂದರೆ ಸಾಕು, ಕೂತಲ್ಲೇ ಅತ್ತುಬಿಡುತ್ತಿದ್ದ. ಈಗ ಅದೇ ಹೆಸರಿಗೆ ಆಕಳಿಕೆ ಬರುತ್ತಿತ್ತು. ಈಸ್ಟರ್ ಬೆಳಗ್ಗೆ ಊರಾಚೆಯ ಬಂಡೆಯ ಮೇಲೆ ನಿಂತು ಇಡೀ ಸಭೆಗಾಗಿ ಪ್ರಾರ್ಥಿಸಬೇಕಾದವನು ಅವನೇ. ದೇವರು ತನ್ನನ್ನು ಬಿಟ್ಟು ಎದ್ದುಹೋದನೇನೋ ಎಂದು ಮುದುಕ ನಿಜಕ್ಕೂ ಹೆದರಿದ್ದ.

ಪಾಸ್ಟರ್ ಸುನೀಲ್‌ಕುಮಾರ್ ಪಾವಗಡದ ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. ಅವರ ಹತ್ತಿರ ಹೋಗಿ ಗೋಳು ಹೇಳಿಕೊಂಡ.

“ಹೃದಯ ತೆರೀಬೇಕಣ್ಣಾ, ಅಂತೇ, ಅಷ್ಟೇ,” ಎಂದರು.

“ಎಲ್ಲಿಂದ ತೆರೀಲಿ ಸ್ವಾಮಿ? ಅದೇನು ಅಂಗಡಿ ಷಟರ್ರಾ, ಮೇಲಕ್ಕೆ ತಳ್ಳಾಕೆ?”

ಉಪವಾಸ ಹಿಡಿದು ನೋಡಿದ. ಹೊಟ್ಟೆಯಲ್ಲಿ ಗ್ಯಾಸ್ ತುಂಬಿತೇ ಹೊರತು ಆತ್ಮ ತುಂಬಲಿಲ್ಲ. ಹೆಂಡತಿ ಕದರಮ್ಮ ಮುದ್ದೆಯ ತಟ್ಟೆಯನ್ನು ಮುಂದೆ ಕುಕ್ಕಿದಳು.

“ಯೇಸಪ್ಪ ನಿನ್ನ ಮುದ್ದೆ ಕೇಳಿದ್ನಾ? ಮೊದ್ಲು ನನ್ನ ತಮ್ಮನ ತಾವ ಮಾತಾಡು.”

“ಅವನ ಸುದ್ದಿ ಎತ್ಬ್ಯಾಡ.”

ತಮ್ಮ ಎಂದರೆ ಕುರಿ ಸಾಕುವ ಜಯಣ್ಣ. ಕಳೆದ ಸುಗ್ಗಿಯಲ್ಲಿ ಅವನ ಕುರಿಗಳು ಭಾವನ ತೊಗರಿ ಹೊಲಕ್ಕೆ ನುಗ್ಗಿದ್ದವು. ಮೂಡಲಗಿರಿಯಪ್ಪ ಹೊಲದಲ್ಲಿ ಒಂದು ಮಾತೂ ಬೈಯಲಿಲ್ಲ. ಸಭೆಯ ಹಿರಿಯ ಬೈಯಬಾರದಲ್ಲ! ಭಾನುವಾರದವರೆಗೆ ಕಾದು, ತುಂಬಿದ ಮಂದಿರದಲ್ಲಿ ಕಣ್ಣು ಮುಚ್ಚಿ, ಕೈ ಎತ್ತಿ, ಪ್ರಾರ್ಥನೆಯನ್ನೇ ಮಾಡಿದ: “ಕರ್ತನೇ, ನೀನು ಒಳ್ಳೇ ಕುರುಬ. ನಮ್ಮಲ್ಲೂ ಒಬ್ಬ ಅವ್ನೆ, ಅವನನ್ನ ಕುರಿಗಳೇ ಮೇಯಿಸ್ತವೆ. ಅವನ ತಲೆಗೊಂದಿಷ್ಟು ಬುದ್ಧಿ ಸುರಿ ತಂದೆ.” ಎಲ್ಲರಿಗಿಂತ ಜೋರಾಗಿ ಜಯಣ್ಣನೇ “ಆಮೆನ್” ಎಂದು ಎದ್ದುಹೋದ. ಮತ್ತೆ ಮಂದಿರದ ಕಡೆ ತಲೆ ಹಾಕಲಿಲ್ಲ. ಆವತ್ತಿನ ಪ್ರಾರ್ಥನೆ ಬಲು ಖಡಕ್ಕಾಗಿತ್ತೆಂದು ನಾಲ್ಕು ಜನ ಬಂದು ಕೈ ಕುಲುಕಿದ್ದರು.

ಶುಭ ಶುಕ್ರವಾರದ ಹಿಂದಿನ ಸಂಜೆ ಪಾಸ್ಟರು ಹೊಸ ಪದ್ಧತಿ ತಂದರು. ಯೇಸು ಶಿಷ್ಯರ ಕಾಲು ತೊಳೆದಂತೆ ಮೂಡಲಗಿರಿಯಪ್ಪ ಗಂಡಸರ ಕಾಲು ತೊಳೆಯಬೇಕು. ಕೊನೆಗೆ ಕೂತವನು ಅವನ ಕಾಲು ತೊಳೆಯಬೇಕು. ತೊಳೆಯುವುದು ಅವನಿಗೆ ಹಿಡಿಸಿತು. ಸೊಂಟಕ್ಕೆ ಟವೆಲ್ಲು ಬಿಗಿದು ಬಗ್ಗಿದರೆ ನೋಡುವುದಕ್ಕೂ ಚೆಂದ, ಪಾಸ್ಟರ ಹೆಂಡತಿ ಅಶ್ವಿನಿ ಮೊಬೈಲಿನಲ್ಲಿ ವೀಡಿಯೊ ಬೇರೆ ಹಿಡಿಯುತ್ತಾರೆ. ತೊಳೆಸಿಕೊಳ್ಳುವ ಭಾಗವನ್ನು ಹೇಗಾದರೂ ಹಾರಿಸಿದರಾಯಿತು ಎಂದುಕೊಂಡ. ಅವನು ಸುಡುಬಿಸಿಲಲ್ಲೂ ಕಾಲುಚೀಲ ತೆಗೆಯದ ಆಸಾಮಿ.

ಆದರೆ ಇಡೀ ಸಭೆ ಮನೆಯಲ್ಲೇ ಕಾಲು ತಿಕ್ಕಿಕೊಂಡು ಬಂದಿತ್ತು. ಅವರಲ್ಲಿ ರೇಣುಕಪ್ರಸಾದ್ ಎಂಬವನಂತೂ ಬೆರಳ ಸಂದಿಗೆಲ್ಲ ಪೌಡರ್ ಹಾಕಿದ್ದ. ಬೇಸಿನ್ನಿನ ನೀರು ಕುಡಿಯುವಷ್ಟು ಶುದ್ಧವಾಗಿಯೇ ಉಳಿಯಿತು, ಮಲ್ಲಿಗೆ ವಾಸನೆ ಮಾತ್ರ ಹೊಡೆಯುತ್ತಿತ್ತು.

ಪಾಸ್ಟರು ತಲೆ ಚಚ್ಚಿಕೊಂಡರು. “ನೀವೇ ತೊಳ್ಕೊಂಡು ಬಂದ್ರೆ ಇಲ್ಲಿ ತೊಳೆಯೋದೇನ್ರಣ್ಣಾ?”

“ಗಲೀಜು ಕಾಲ್ನ ದೊಡ್ಡೋರ ಕೈಗೆ ಕೊಡಾಕಾಯ್ತದಾ ಸ್ವಾಮಿ?” ಎಂದ ರೇಣುಕಪ್ರಸಾದ್.

ಅಷ್ಟರಲ್ಲಿ ಕದರಮ್ಮ ತಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಜಯಣ್ಣ ನೇರವಾಗಿ ಕುರಿ ರೊಪ್ಪದಿಂದ ಬಂದಿದ್ದ. ಹಿಕ್ಕೆ, ಮಣ್ಣು, ಗಂಜಲ, ಎಲ್ಲವೂ ಮೊಣಕಾಲಿನವರೆಗೆ.

“ಅಕ್ಕ ಬುಡ್ಲಿಲ್ಲ, ಬಂದ್ಬುಟ್ಟೆ,” ಎಂದು ಬೆಂಚಿನ ಮೇಲೆ ಕೂತು ಕಾಲು ಚಾಚಿದ.

ಮೂಡಲಗಿರಿಯಪ್ಪ ಮೊಬೈಲಿನ ಕಡೆ ನೋಡಿದ. ಅಶ್ವಿನಿ ಕೈ ಇಳಿಸಿರಲಿಲ್ಲ. ಬೇರೆ ದಾರಿಯಿಲ್ಲದೆ ಬಗ್ಗಿದ. ಒಂದೇ ಉಜ್ಜಿಗೆ ನೀರು ಕಪ್ಪಾಯಿತು. ಈಗಲಾದರೂ ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಕಾದ. ಸೊಂಟ ನೋವು ಬಿಟ್ಟು ಏನೂ ಆಗಲಿಲ್ಲ.

“ಬೆರ್ಳಿನ ಸಂದಿ ಬುಟ್ಟೋಯ್ತು ಬಾವ.”

“ಮುಚ್ಕೊಂಡ್ ಕೂರ್ಲಾ!”

ಕಾಲು ಒರೆಸಿ ಮುಗಿಸಿದಾಗ ಜಯಣ್ಣ ಎದ್ದು ಬೆಂಚು ತೋರಿಸಿದ. “ಈಗ ನೀನು.”

“ನಂಗೆ ಬ್ಯಾಡ. ಶೀತ ಆಯ್ತದೆ.”

“ಕೂರ್ಚೋಂಡಣ್ಣಾ,” ಎಂದು ಪಾಸ್ಟರು ಹೆಗಲು ಹಿಡಿದು ಕೂರಿಸಿಯೇಬಿಟ್ಟರು.

ಜಯಣ್ಣ ಕಾಲುಚೀಲ ಕಿತ್ತ. ಮುಂದಿನ ಸಾಲಿನ ಹೆಂಗಸರು ಒಟ್ಟಿಗೇ ಸೆರಗನ್ನು ಮೂಗಿಗೆ ತಂದರು. ಉಗುರುಗಳು ಕಪ್ಪಾಗಿದ್ದವು. ಹಿಮ್ಮಡಿ ಬಿರಿದು ರಕ್ತ ಒಸರಿ ಒಣಗಿತ್ತು. ಮೂಡಲಗಿರಿಯಪ್ಪ ನೆಲ ಬಾಯಿ ಬಿಟ್ಟರೆ ಇಳಿದುಹೋಗಲು ಸಿದ್ಧನಿದ್ದ. ನಗುತ್ತಾನೆ ನನ್ಮಗ, ಈಗ ನಗುತ್ತಾನೆ ಎಂದು ಕಣ್ಣು ಮುಚ್ಚಿದ.

ಜಯಣ್ಣ ನಗಲಿಲ್ಲ. ಹಿಮ್ಮಡಿಯನ್ನು ಅಂಗೈಯಲ್ಲಿಟ್ಟು ಬೆಳಕಿಗೆ ತಿರುಗಿಸಿ ನೋಡಿದ.

“ಇದನ್ನ ಯಾಕ್ ಬಾವ ಹಿಂಗ್ ಮುಚ್ಚಿಟ್ಟಿದ್ದೆ? ಕುರಿ ಗೊರಸು ಹಿಂಗಾಗಿದ್ರೆ ನಾನು ನಿದ್ದೇನೇ ಮಾಡ್ತಿರ್ಲಿಲ್ಲ.”

ನೀರೆರೆದು ಮೆಲ್ಲಗೆ ಉಜ್ಜತೊಡಗಿದ. ಬೆರಳು ಅಂಗಾಲಿಗೆ ತಾಗಿದ್ದೇ ತಡ, ಮೂಡಲಗಿರಿಯಪ್ಪನಿಗೆ ಕಚಗುಳಿಯಾಯಿತು. ಹಲ್ಲು ಕಚ್ಚಿದ, ಬೆಂಚು ಹಿಡಿದ, ತಡೆಯಲಾಗದೆ ‘ಹಿಹ್ಹಿ’ ಎಂದುಬಿಟ್ಟ. ಪವಿತ್ರ ಗುರುವಾರ, ಮಂದಿರದಲ್ಲಿ, ಸಭೆಯ ಹಿರಿಯ ಕೂಸಿನ ಹಾಗೆ ಕೇಕೆ ಹಾಕಿ ನಕ್ಕ. ನಗು ಎಲ್ಲಿ ಮುಗಿಯಿತೋ ಗೊತ್ತಾಗಲಿಲ್ಲ, ಅವನು ಬಿಕ್ಕುತ್ತಿದ್ದ.

“ಆ ಪ್ರಾರ್ಥನೆ ದೇವ್ರಿಗೆ ಮಾಡಿದ್ದಲ್ಲ ಕಣ್ಲಾ ಜಯಣ್ಣ. ನಿನ್ನ ಮಾನ ಕಳೆಯಾಕೆ ಮಾಡಿದ್ದು.”

“ಗೊತ್ತು. ಅದ್ಕೇ ದೇವ್ರು ಸುಮ್ಕಿದ್ದ, ನಾನೇ ಆಮೆನ್ ಅಂದೆ.”

“ತಪ್ಪಾಯ್ತು ಕಣ್ಲಾ.”

“ಕಾಲು ಎಳ್ಕೋಬ್ಯಾಡ, ಸುಮ್ಕಿರು.”

ಪಾಸ್ಟರು ಹತ್ತಿರ ಬಂದು, “ಅಣ್ಣಾ, ಒಂದು ಪ್ರಾರ್ಥನೆ?” ಎಂದರು. ಮೂಡಲಗಿರಿಯಪ್ಪ ಬಾಯಿ ತೆರೆದ. ಅಷ್ಟು ವರ್ಷ ಓಡಿದ ಬಾಯಿಗೆ ಒಂದು ಮಾತೂ ಸಿಗಲಿಲ್ಲ. ಮೂಗು ಸೋರಿತು, ಅಷ್ಟೇ. ಯಾಕೋ ಅದರಿಂದ ಅವನಿಗೆ ಹೆದರಿಕೆಯೇ ಆಗಲಿಲ್ಲ.

“ಆಮೇಲ್ ಅಳ್ವಂತೆ,” ಎಂದ ಜಯಣ್ಣ. “ಆ ಇನ್ನೊಂದು ಕಾಲ್ ಕೊಡು ಇತ್ಲಾಗೆ.”

ಕೊಟ್ಟ.