ಗುಡ್ಡದಮ್ಮನ ಪಾಲು

"ಆ ಪಾಲು ನಿಮ್ಮಪ್ಪನ ಮನೇದಲ್ಲ ಭಾವ, ಗುಡ್ಡದಮ್ಮಂದು! ಅದನ್ನ ನಿನ್ನ ಹೆಸರಿಗೆ ಬರ್ಸ್ಕೊಳ್ಳಾಕೆ ನಾಚಿಕೆ ಆಗಲ್ವಾ ನಿಂಗೆ?"

"ಹಂಗಾದ್ರೆ ಅಮ್ಮನ್ನೇ ಕರ್ಕಂಡು ಬಾರಲೇ! ಗುಡ್ಡ ಇಳಿದು ಬಂದು ಇಲ್ಲಿ ಸೈ ಹಾಕ್ಲಿ. ನಾನೇನು ಬ್ಯಾಡ ಅಂದ್ನಾ?"

"ವಕೀಲ್ರೇ, ನನ್ನ ಹೆಸರಿಗೆ ಬರೀರಿ. ಸ್ಟೇರಿಂಗು ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟಿರೋದು ನಂದು."

"ಸ್ಟೇರಿಂಗು ಹಿಡಿದೋನು ಡ್ರೈವರ್ ಆಗ್ತಾನೆ ಕಣಲೇ. ಮಾಲೀಕ ಆಗಲ್ಲ."

ಆ ಮಾತಿಗೆ ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಭಾವನೂ ಎದ್ದ. ಅಂಜನಪ್ಪ ವಕೀಲರು ರೂಲು ದೊಣ್ಣೆಯಿಂದ ಮೇಜು ಕುಟ್ಟಿದರು.

"ಇದು ಬಸ್ ಸ್ಟ್ಯಾಂಡ್ ಅಲ್ಲ ಜಂಪಣ್ಣನೋರೆ. ಕುರ್ಚಿ ಎತ್ತಿ ಕುಂತ್ಕಳ್ರಿ. ಚಿತ್ರಲಿಂಗಪ್ಪನೋರೆ, ನೀವೂ ಕುಂತ್ಕಳ್ರಿ. ಇಬ್ರೂ ಹೊಡೆದಾಡಿ ಸತ್ರೆ ಕಂಪನಿ ಯಾರಿಗೆ ಮಾಡ್ಕೊಡ್ಲಿ ನಾನು?"

ಕುರ್ಚಿ ಎತ್ತಿ ಕೂತೆ.

ಚಿತ್ರದುರ್ಗದ ಕೋರ್ಟಿನ ಹಿಂದಿನ ಓಣಿಯ ಆ ಆಫೀಸಿಗೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಬಂದಿದ್ದೆವು. ಅದೂ ನಮ್ಮದೇ ಬಸ್ಸು. ಶ್ರೀ ಗುಡ್ಡದಮ್ಮ ಮೋಟಾರ್ ಸರ್ವಿಸ್, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ. ಇನ್ನೊಂದು ಬಸ್ಸು ಹೊಸದುರ್ಗದಿಂದ ಹಿರಿಯೂರಿಗೆ ಓಡುತ್ತಿತ್ತು. ನಮ್ಮೂರು ಮಾಡದಕೆರೆ. ನಾನು ಅಂಬೆಗಾಲಿಡುವಾಗಲೇ ನಮ್ಮವ್ವ ತೀರಿಹೋದಳು. ಸಾಕಿದವಳು ನಮ್ಮಕ್ಕ ನಿಂಗಕ್ಕ. ಅವಳನ್ನು ಹೊಸದುರ್ಗದ ಹುಣಸೆಹಣ್ಣಿನ ವ್ಯಾಪಾರಿ ಚಿತ್ರಲಿಂಗಪ್ಪನಿಗೆ ಕೊಟ್ಟಾಗ ನಾನು ಅವಳ ಸೆರಗು ಹಿಡಿದುಕೊಂಡೇ ಆ ಮನೆಗೆ ಹೋದೆ. ಊರವರು ನಕ್ಕರು, ಹೆಣ್ಣಿನ ಜೊತೆ ಬಳುವಳಿಯಾಗಿ ಹುಡುಗನನ್ನೂ ಕಳಿಸಿದ್ದಾರೆ ಅಂತ.

ದೊಡ್ಡವನಾದ ಮೇಲೆ ನಾನು ಲಾರಿ ಓಡಿಸೋದು ಕಲಿತೆ, ಬೇರೆ ಮನೆ ಮಾಡಿದೆ. ಒಂದು ದಿನ ಭಾವ ಹಳೇ ಬಸ್ಸೊಂದು ಮಾರಾಟಕ್ಕಿದೆ ಅಂದ. ದುಡ್ಡು ಅವನದು, ದುಡಿಮೆ ನನ್ನದು, ಬಂದದ್ದು ಅರ್ಧ ಅರ್ಧ. ಕಾಗದ ಗೀಗದ ಏನೂ ಇಲ್ಲ. ಬಸ್ಸಿಗೆ ಕುಂಕುಮ ಹಚ್ಚುತ್ತಿದ್ದ ಅಕ್ಕ, "ನೀವಿಬ್ರೂ ಹಂಚ್ಕಂಡ್ರಿ, ಗುಡ್ಡದಮ್ಮಂಗೆ?" ಅಂದಳು. ನಾವು ಮುಖ ಮುಖ ನೋಡಿಕೊಂಡೆವು. ದಿನದ ಮೊದಲ ಟಿಕೆಟ್ಟು ಅಮ್ಮನದು ಅಂತ ಅಲ್ಲೇ ಆಯಿತು. ಬೆಳಿಗ್ಗೆ ಮೊದಲು ಹತ್ತಿದವನು ಹೊಳಲ್ಕೆರೆಗೆ ಟಿಕೆಟ್ಟು ತಗೊಂಡರೂ ಸರಿ, ಮುಂದಿನ ಊರಿಗೆ ತಗೊಂಡರೂ ಸರಿ, ಆ ದುಡ್ಡು ಡ್ರೈವರ್ ಸೀಟಿನ ಹಿಂದಿನ ತಗಡಿನ ಡಬ್ಬಿಗೆ. ಡಬ್ಬಿ ಅಕ್ಕನ ಕೈಗೆ. ವರ್ಷಕ್ಕೊಂದು ಸಲ ಅವಳು ಅಮ್ಮನ ಗುಡಿ ಇರೋ ಗುಡ್ಡದ ಕೆಳಗೆ ಬಂದವರಿಗೆಲ್ಲಾ ಅನ್ನ ಮಾಡಿ ಹಾಕುತ್ತಿದ್ದಳು. ಆ ಡಬ್ಬಿಯನ್ನು ನಾವಿಬ್ಬರೂ ಯಾವತ್ತೂ ಎತ್ತಿ ನೋಡಿದವರಲ್ಲ.

ಆಮೇಲೆ ಒಂದು ದಿನ, ನಾನು ತಂದು ಕೂರಿಸಿದ್ದ ಡ್ರೈವರ್ ಓಡಿಸುತ್ತಿದ್ದಾಗ, ಹೊಳಲ್ಕೆರೆ ಹತ್ತಿರ ಕೆರೆ ಏರಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಸೌದೆ ಹೊರೆ ಹೊತ್ತು ಬರುತ್ತಿದ್ದ ಒಬ್ಬ ಮನುಷ್ಯ ಹೋದ. ಬ್ರೇಕು ಬಿಚ್ಚಿಸಬೇಕು ಅಂತ ನಾನು ಹೇಳುತ್ತಲೇ ಇದ್ದೆ, ದೀಪಾವಳಿ ರಶ್ಶು ಮುಗೀಲಿ ಅಂತ ಭಾವ ತಳ್ಳುತ್ತಲೇ ಇದ್ದ. ಅವನನ್ನ ಕೇಳಿದರೆ, ಆ ಡ್ರೈವರನ್ನ ತಂದೋನು ನಿನ್ನ ತಮ್ಮ ಅಂತ ಅಕ್ಕನ ಮುಂದೆ ಕೂಗುತ್ತಿದ್ದ. ಕೋರ್ಟು ಕಚೇರಿ ಆಯಿತು. ಪರಿಹಾರ ಕಟ್ಟೋಕೆ ಭಾವನ ಹೊಲವೊಂದು ಕೈಬಿಟ್ಟಿತು. ಅವತ್ತಿನಿಂದ ಅವನಿಗೆ ನಿದ್ದೆ ಇಲ್ಲ. ಯಾರೋ ಅವನ ಕಿವಿಯಲ್ಲಿ ಊದಿದರು, ಬಸ್ಸನ್ನು ಲಿಮಿಟೆಡ್ ಕಂಪನಿ ಮಾಡು, ನಾಳೆ ಏನೇ ಆದರೂ ಬಸ್ಸಿಗೆ ಆಗುತ್ತೆ, ನಿನ್ನ ಮನೆ ಹೊಸಿಲು ತುಳಿಯೋದಿಲ್ಲ ಅಂತ. ಹಾಗಾಗಿ ವಕೀಲರ ಹತ್ತಿರ ಬಂದದ್ದು.

ಸತ್ತವನ ಹೆಂಡತಿ ಓಬಮ್ಮ. ಕೋರ್ಟು ಕೊಡಿಸಿದ್ದು ಅವಳ ಮೈದುನರ ಪಾಲಾಯಿತು ಅಂತ ಕೇಳಿದ ಮೇಲೆ ಅಕ್ಕ ಡಬ್ಬಿಯ ದುಡ್ಡನ್ನು ಅವಳಿಗೆ ಕೊಡೋಕೆ ಶುರು ಮಾಡಿದಳು. ಪ್ರತಿ ಸೋಮವಾರ ನಮ್ಮ ಬಸ್ಸಿನಲ್ಲೇ ಹೊಳಲ್ಕೆರೆಗೆ ಹೋಗಿ ಕೊಟ್ಟು ಬರುತ್ತಿದ್ದಳು. ನಾನು ರೇಗಿದೆ.

"ಅಮ್ಮನ ದುಡ್ಡು ತಗಂಡು ಹೋಗಿ ಅವಳಿಗ್ಯಾಕೆ ಸುರೀತಿ?"

"ಅಮ್ಮನೇ ಕೊಡು ಅಂದ್ಲು."

"ಯಾವಾಗ ಅಂದ್ಲು?"

"ನೀನು ಬಸ್ಸು ತೊಳೀತಿದ್ಯಲ್ಲ, ಆಗ. ನಿಂಗೆ ಕೇಳಿಸ್ಲಿಲ್ಲ ಅಂತ ಕಾಣ್ತತೆ."

ಇಂಥವಳು ನಮ್ಮಕ್ಕ.

ವಕೀಲರು ಹೇಳಿದ್ದು ಹೀಗೆ. ಕಂಪನಿಗೆ ಇಬ್ಬರಿದ್ದರೆ ಸಾಕು. ನನಗೆ ಹತ್ತು ಷೇರು, ಭಾವನಿಗೆ ಹತ್ತು. ಆದರೆ ಸಮ ಸಮ ಇದ್ದರೆ ಜಗಳ ಬಂದ ದಿನ ಗಾಡಿ ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಹೋಗಲ್ಲ. ಒಂದು ಷೇರು ಹೆಚ್ಚಿಗೆ ಇರಲಿ. ಆಗ ನಾನೇ ಬಾಯಿಬಿಟ್ಟೆ, ಒಂದು ಪಾಲು ಗುಡ್ಡದಮ್ಮಂದು ಐತಲ್ಲ ಸ್ವಾಮಿ, ಅದನ್ನೇ ಬರೀರಿ ಅಂತ. ಅವರು ನಕ್ಕರು. ಕಂಪನಿ ರಿಜಿಸ್ಟರಿನಲ್ಲಿ ಅಮ್ಮನ ಹೆಸರು ಹಾಕಿದರೆ ಬೆಂಗಳೂರಿನಿಂದ ಕಾಗದ ವಾಪಸು ಬರುತ್ತೆ, ಅವಳ ಪರವಾಗಿ ಒಬ್ಬ ಮನುಷ್ಯ ಬೇಕು ಅಂದರು. ಆ ಒಂದು ಷೇರು ಯಾರ ಹೆಸರಿನಲ್ಲಿರುತ್ತೋ ಮಾತು ಅವರದೇ ನಡೆಯುತ್ತೆ ಅಂತ ಅವರು ಬಿಡಿಸಿ ಹೇಳಿದ್ದೇ ತಡ, ನನಗೂ ಭಾವನಿಗೂ ಒಟ್ಟಿಗೇ ಭಕ್ತಿ ಉಕ್ಕಿತು. ಅದೇ ಜಗಳ.

"ನೀವು ಯಾರ ಕಡೆ ವಕೀಲ್ರು? ಮೊದ್ಲು ಅದು ಹೇಳ್ರಿ," ಅಂದೆ.

"ಕಂಪನಿ ಕಡೆ."

"ಅದು ಇನ್ನೂ ಹುಟ್ಟೇ ಇಲ್ವಲ್ಲ!"

"ಹುಟ್ಟಿಸ್ಕೊಡಿ ಅಂತ ತಾನೇ ಬಂದಿರೋದು? ಸೂಲಗಿತ್ತೀನ ಯಾರಾದ್ರೂ ನೀನು ಯಾರ ಕಡೆ ಅಂತ ಕೇಳ್ತಾರೇನ್ರಿ?" ಅಂದು ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ರೀ, ಇಷ್ಟು ದಿನ ಆ ಡಬ್ಬಿ ಇಟ್ಕೊಂಡಿರೋರು ಯಾರು?"

"ನಿಂಗಕ್ಕ," ಅಂದೆವು, ಇಬ್ಬರೂ.

"ಹಂಗಾದ್ರೆ ಅವರ ಹೆಸರೇ ಬರೀತೀನಿ. ಮುಗೀತಲ್ಲ?"

ಭಾವ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನು ಮನಸ್ಸಿನಲ್ಲಿ ಏನಂದುಕೊಂಡನೋ ನನಗೆ ಅಲ್ಲೇ ಗೊತ್ತಾಯಿತು, ಯಾಕೆಂದರೆ ನಾನೂ ಅದನ್ನೇ ಅಂದುಕೊಂಡೆ. ಅವಳು ನನ್ನ ಹೆಂಡತಿ ಅಂತ ಅವನು. ನನ್ನನ್ನು ಎತ್ತಿ ಆಡಿಸಿದ ಅಕ್ಕ ಅಂತ ನಾನು. ಆಗಲಿ ಅಂದೆವು. ಹೊರಗೆ ಬಂದು ಹೋಟೆಲಿನಲ್ಲಿ ಮಿರ್ಚಿ ಮಂಡಕ್ಕಿ ತಿಂದೆವು. ಭಾವ ನನ್ನ ತಟ್ಟೆಗೆ ತನ್ನದೊಂದು ಮಿರ್ಚಿ ಹಾಕಿದ. ಇಬ್ಬರೂ ಗೆದ್ದಿದ್ದೆವು.

ಮುಂದಿನ ವಾರಗಳ ನಾಟಕ ಹೇಳೋಕೆ ಹೋದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮದುವೆಯಾದಂದಿನಿಂದ ಹೆಂಡತಿಯನ್ನು ಸಂತೆಗೂ ಕರೆದುಕೊಂಡು ಹೋಗದ ಮನುಷ್ಯ ಅವಳನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಸಿನಿಮಾ ತೋರಿಸಿದ. ಮೂಗುಬೊಟ್ಟು ಮಾಡಿಸಿದ. ನಾನು ಬಿಡುತ್ತೇನಾ? ಇಳಕಲ್ಲು ಸೀರೆ ತಂದೆ. ಭಾವ ಅಂಗಡಿಗೆ ಹೋದಾಗ ಹೋಗಿ ಅಡಿಗೆಮನೆಯಲ್ಲಿ ಕೂತು, ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ಅವಳು ಹೊತ್ತುಕೊಂಡು ಓಡಿದ್ದು, ಅದು ಇದು ಎಲ್ಲಾ ತೆಗೆದೆ. ಅಕ್ಕ ಮುದ್ದೆ ತಿರುವುತ್ತಾ ಕೇಳಿಸಿಕೊಂಡಳು.

"ಬೆಳಿಗ್ಗೆ ಅವರು ಬಂದು ತಲೆಗೆ ಎಣ್ಣೆ ಹಾಕ್ಲಾ ಅಂದ್ರು. ಈಗ ನೀನು ಜ್ವರ ಅಂತಿ. ಈ ಮನೇಗೆ ಬಂದು ಇಷ್ಟು ವರ್ಷಕ್ಕೆ ಇಂಥ ಮರ್ಯಾದೆ ಸಿಕ್ಕಿದ್ದಿಲ್ಲ ಕಣೋ. ನಾನೇನು ಸಾಯ್ತಿದೀನಾ? ನಂಗೆ ಹೇಳ್ದೆ ಮುಚ್ಚಿಟ್ಟಿದೀರಾ?"

"ಬಿಡ್ತು ಅನ್ನು. ನಿನ್ನ ಹೆಸರಿಗೆ ಒಂದು ಷೇರು ಬರ್ತೈತೆ ಅಕ್ಕ. ನೀನೇ ದೊಡ್ಡೋಳು ಈಗ."

"ಅದ್ರಲ್ಲಿ ನಾನು ಮಾಡೋದೇನು?"

"ಏನಿಲ್ಲ. ಯಾವಾಗ್ಲಾದ್ರೂ ಭಾವ ಒಂದು ಅಂದು ನಾನೊಂದು ಅಂದ್ರೆ, ನೀನು ಕೈ ಎತ್ತಬೇಕು. ಅಷ್ಟೆ."

ಅವಳು ಮುದ್ದೆ ತಟ್ಟೆಗೆ ಹಾಕಿದಳು. ಸೀರೆಯನ್ನು ಟ್ರಂಕಿನಲ್ಲಿಟ್ಟಳು. ಮೂಗುಬೊಟ್ಟೂ ಅಲ್ಲೇ ಇತ್ತು.

ಸೈ ಹಾಕುವ ದಿನ ಮೂವರೂ ದುರ್ಗಕ್ಕೆ ಹೋದೆವು. ಬಸ್ಸು ಇಳಿಯುವಾಗ ಅಕ್ಕ ಡ್ರೈವರ್ ಸೀಟಿನ ಹಿಂದಿನಿಂದ ಡಬ್ಬಿ ತೆಗೆದು ಕಂಕುಳಲ್ಲಿಟ್ಟುಕೊಂಡಳು. ವಕೀಲರ ಮುಂದೆ ನಾನು ಒಂದು ಕಡೆ, ಭಾವ ಒಂದು ಕಡೆ, ನಡುವೆ ಅವಳು. ವಕೀಲರು ಟೈಪು ಮಾಡಿಸಿದ ಕಾಗದವನ್ನು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಕಂಪನಿ ಅಂದರೆ ಬೇರೆಯೇ ಒಬ್ಬ ಮನುಷ್ಯ ಇದ್ದ ಹಾಗೆ. ಬಸ್ಸು ಅವನದು. ದುಡ್ಡು ಅವನದು. ಯಾರ ಮೇಲಾದರೂ ಬಸ್ಸು ಹರಿದರೆ ಕಂಪನಿ ಎಷ್ಟು ಕೊಡಬಲ್ಲದೋ ಅಷ್ಟು. ಮುಳುಗಿದರೆ ನಿಮ್ಮ ಷೇರು ಮುಳುಗುತ್ತೆ, ಮನೆ ಮುಳುಗಲ್ಲ. ಭಾವ ಆ ಮಾತು ಇನ್ನೊಂದು ಸಲ ಹೇಳಿಸಿಕೊಂಡು ಖುಷಿಪಟ್ಟ.

"ಸ್ವಾಮಿ, ಮೊದಲ ಟಿಕೆಟ್ಟು?" ಅಂದಳು ಅಕ್ಕ.

"ಏನಮ್ಮಾ ಅದು?"

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೇಳಿದಳು. ವಕೀಲರು ಪಾಪ, ಪೂರ್ತಿ ಕೇಳಿಸಿಕೊಂಡರು.

"ಇನ್ನು ಮೇಲೆ ಹಂಗೆ ಎತ್ತಿಡೋಕೆ ಬರಲ್ಲ ತಾಯಿ. ಟಿಕೆಟ್ಟಿನ ದುಡ್ಡೆಲ್ಲಾ ಕಂಪನಿ ಲೆಕ್ಕಕ್ಕೆ ಹೋಗಬೇಕು. ವರ್ಷಕ್ಕೆ ಲಾಭ ಬಂದು, ಹಂಚಾಣ ಅಂತ ಡೈರೆಕ್ಟರುಗಳು ಅಂದ್ರೆ, ಆಗ ನಿಮ್ಮ ಒಂದು ಷೇರಿಗೆ ಎಷ್ಟು ಬರುತ್ತೋ ಅಷ್ಟು."

"ಸೋಮವಾರ ಓಬಮ್ಮನ ಹತ್ರ ಹೋಗಬೇಕಲ್ಲ ನಾನು."

"ಅದನ್ನ ಆಮೇಲೆ ನೋಡಾಣ, ಸುಮ್ನಿರೇ," ಅಂದ ಭಾವ.

"ಮೊದ್ಲು ಇದು ಮುಗೀಲಿ ಅಕ್ಕ," ಅಂದೆ ನಾನು.

ಅವತ್ತು ನಾನೂ ಅವನೂ ಒಪ್ಪಿದ್ದು ಅದೊಂದೇ ಮಾತು.

ವಕೀಲರು ಪೆನ್ನು ಬಿಚ್ಚಿದರು. "ಇಲ್ಲೊಂದು ಜಾಗ ಖಾಲಿ ಬಿಟ್ಟಿದೀನಿ. ಮ್ಯಾನೇಜಿಂಗ್ ಡೈರೆಕ್ಟರು. ಯಾರ ಹೆಸರು?"

"ನಂದು," ಅಂದ ಭಾವ. "ಪರ್ಮಿಟ್ಟು ನನ್ನ ಹೆಸರಲ್ಲೈತೆ."

"ನಿನ್ನ ಹೆಸರಲ್ಲಿ ಪರ್ಮಿಟ್ಟು ಐತೆ, ಬಸ್ಸಿನ ಒಂದು ನಟ್ಟಾದ್ರೂ ಗೊತ್ತೈತಾ ನಿಂಗೆ? ಗೊತ್ತಿದ್ದಿದ್ರೆ ಆ ಮನುಷ್ಯ ಸಾಯ್ತಿದ್ನಾ?"

"ಏನಂದಿ?"

"ದೀಪಾವಳಿ ಆಗ್ಲಿ ಅಂದೋನು ನೀನು!"

"ಕುಡುಕನ್ನ ತಂದು ಕೂರ್ಸಿದೋನು ನೀನು! ನನ್ನ ಮನೆ ಮುದ್ದೆ ತಿಂದು ಬೆಳೆದೋನು ನನ್ನ ಮುಂದೆ ಬೆರಳು ತೋರ್ಸ್ತಾನೆ!"

"ಆ ಮುದ್ದೆ ನನ್ನಕ್ಕ ಬೇಯಿಸಿದ್ದು. ನಿಂದಲ್ಲ. ಕೇಳು ಅವಳನ್ನೇ. ಅಕ್ಕ, ಹೇಳು! ಯಾರ ಹೆಸರು?"

"ಹೂಂ, ಹೇಳೇ. ಯಾರ ಮನೇಲಿ ಬಾಳ್ತಿದೀಯ ಅನ್ನೋದು ನೆನಪಿಟ್ಕೊಂಡು ಹೇಳು."

"ನೋಡ್ರಿ ವಕೀಲ್ರೇ, ಹೆದರಿಸ್ತಾನೆ!"

ಅಕ್ಕ ಅವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಜ್ವರ ಬಂದವನ ಹಣೆ ಮುಟ್ಟುವಾಗ ನೋಡುತ್ತಾರಲ್ಲ, ಆ ತರ ಅಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರನ್ನು ನೋಡುವ ತರ.

"ಸ್ವಾಮಿ," ಅಂದಳು ವಕೀಲರಿಗೆ, "ಮೊದಲ ಟಿಕೆಟ್ಟಿಗೆ ಈ ಕಾಗದದಾಗೆ ಎಲ್ಲೂ ಜಾಗ ಇಲ್ವಾ?"

ವಕೀಲರು ಇಲ್ಲ ಅಂತ ತಲೆ ಆಡಿಸಿದರು. ಅಷ್ಟರಲ್ಲಿ ಭಾವ ನನ್ನ ತಾಯಿಯನ್ನು ಎಳೆದು ಒಂದು ಮಾತು ಅಂದ, ನಾನು ಅವನ ವಂಶವನ್ನೇ ಎಳೆದೆ. ನಮ್ಮವ್ವ ಅಂದರೆ ಅಕ್ಕನಿಗೂ ಅವ್ವ ಅಂತ ಇಬ್ಬರಿಗೂ ನೆನಪಾಗಲಿಲ್ಲ.

ಅಕ್ಕ ಡಬ್ಬಿ ಎತ್ತಿಕೊಂಡಳು.

"ಬರ್ತೀನಿ, ಕುಂತಿರ್ರಿ," ಅಂದಳು. ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಲು ಇಳಿದ ಸದ್ದು ಕೇಳಿಸಿತು, ಡಬ್ಬಿಯೊಳಗಿನ ಚಿಲ್ಲರೆ ಸದ್ದೂ ಕೇಳಿಸಿತು.

ನೀರಿಗೋ ಗೀರಿಗೋ ಹೋಗಿರಬೇಕು ಅಂದುಕೊಂಡೆ. ಕಿಟಕಿಯಿಂದ ನೋಡಿದರೆ ಓಣಿಯ ತುದಿ ದಾಟಿ ಬಸ್ ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆಯುತ್ತಿದ್ದಳು. ಭಾವನೂ ನೋಡಿದ.

"ಹೋಗಿ ಕರ್ಕಂಡು ಬಾ," ಅಂದ.

"ನಿನ್ನ ಹೆಂಡ್ತಿ. ನೀನೇ ಹೋಗು."

"ನಿನ್ನ ಅಕ್ಕ. ನೀನು ಕರೆದ್ರೆ ಬರ್ತಾಳೆ."

ಕರೆದಿದ್ದರೆ ಬರುತ್ತಿದ್ದಳೋ ಏನೋ. ಆದರೆ ನಾನು ಮೆಟ್ಟಿಲು ಇಳಿದರೆ ಮೇಲೆ ಭಾವ ಒಬ್ಬನೇ ಉಳಿಯುತ್ತಾನೆ. ಮುಂದೆ ವಕೀಲರು, ಬಿಚ್ಚಿದ ಪೆನ್ನು, ಖಾಲಿ ಬಿಟ್ಟ ಜಾಗ. ನಾನು ಬರುವಷ್ಟರಲ್ಲಿ ಅಲ್ಲಿ ಯಾವ ಹೆಸರು ಕೂತಿರುತ್ತೋ? ಅವನೂ ಎದ್ದಿರಲಿಲ್ಲ. ಕುರ್ಚಿಯ ತುದಿಗೆ ಸರಿದು ಕೂತಿದ್ದ ಅಷ್ಟೆ, ನಾನು ಎದ್ದೇನಾ ಅಂತ ನೋಡುತ್ತಾ.

ನಮ್ಮ ಬಸ್ಸು ಅಲ್ಲೇ ನಿಂತಿತ್ತಂತೆ. ಕಂಡಕ್ಟರು ಬರ್ರಿ ಅಕ್ಕಾ ಅಂತ ಬಾಗಿಲು ತೆಗೆದನಂತೆ. ಅವಳು ಅದನ್ನು ದಾಟಿ ಹೋಗಿ ಹೊಳಲ್ಕೆರೆ ಕಡೆಯ ಸರ್ಕಾರಿ ಬಸ್ಸು ಹತ್ತಿದಳಂತೆ, ಟಿಕೆಟ್ಟು ತಗೊಂಡು.

ವಕೀಲರು ಪೆನ್ನಿಗೆ ಮುಚ್ಚಳ ಹಾಕಿದರು. ಊಟಕ್ಕೆ ಹೋಗಿ ಬಂದರು. ಬೇರೆ ಕಕ್ಷಿದಾರರು ಬಂದು ಹೋದರು. ನಾವಿಬ್ಬರೂ ಬಿಸಿಲು ಇಳಿಯುವವರೆಗೂ ಆ ಎರಡು ಕುರ್ಚಿಯಲ್ಲೇ ಕೂತಿದ್ದೆವು, ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡು, ನಡುವಿನ ಕುರ್ಚಿ ಖಾಲಿ ಬಿಟ್ಟುಕೊಂಡು.

ಅಕ್ಕ ಬರಲಿಲ್ಲ. ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ, ಅವನ ಮನೆಗೂ ಇಲ್ಲ, ನನ್ನ ಮನೆಗೂ ಇಲ್ಲ.