ಅರವತ್ತು ದಾಟಿದವರು ಆಚೆಗೆ

2024ರ ಜೂನ್ 11, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಪಟ್ಟಾಭಿರಾಮ ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಒರೆಸುತ್ತಿದ್ದಾಗ ಮಾಲೀಕ ಶಶಿಕುಮಾರ್ ಓಡಿಬಂದ.

“ಸಾರ್, ಜಪಾನ್‌ನವರು ಬಂದೇಬಿಟ್ರು. ನೀವೂ ಮಹಾದೇವಕ್ಕನೂ ಟೀ ಅಂಗಡೀಲಿ ಕೂತಿರಿ. ವಯಸ್ಸಾದೋರು ಕಂಡ್ರೆ ಮಾರ್ಕ್ಸ್ ಕಟ್.”

ಗಿರಾಕಿಗಳು ತಪಾಸಣೆಗೆ ಬಂದರೆ ಎಣ್ಣೆ ಡಬ್ಬ, ಹರಿದ ಕೈಗವಸು, ಮುದುಕರು, ಈ ಮೂರನ್ನೂ ಕಣ್ಮರೆ ಮಾಡುವುದು ಆ ಬೀದಿಯ ವಾಡಿಕೆ. ಪಟ್ಟಾಭಿರಾಮನಿಗೆ ಅರವತ್ತಾರು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಇಲ್ಲಿ ಶಾಫ್ಟು ಎಂಬ ಉಕ್ಕಿನ ದಂಡಗಳನ್ನು ಅಳೆಯುವ ಕೆಲಸ ಹಿಡಿದಿದ್ದ. ಹೋದ ಸಲದ ತಪಾಸಣೆಯಲ್ಲಿ ಕಣ್ಣಿಗೆ ಬಿದ್ದ ಇಬ್ಬರು ಹಿರಿಯರನ್ನು ಶಶಿಕುಮಾರ್ ಮರುದಿನವೇ ಮನೆಗೆ ಕಳಿಸಿದ್ದ. ಇದೂ ಹೋದರೆ ಈ ವಯಸ್ಸಿನಲ್ಲಿ ಇನ್ನೊಬ್ಬರು ಕರೆಯುವುದುಂಟೇ? ಅವನು ಮೈಕ್ರೋಮೀಟರನ್ನು ಡಬ್ಬಿಗಿಟ್ಟು ಎದ್ದ.

ಲಗ್ಗೆರೆಯ ಮಹಾದೇವಿಗೆ ಅರವತ್ತೊಂದು; ಬಿಡಿಭಾಗಗಳ ಚೂಪು ಅಂಚು ಉಜ್ಜುವವಳು. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನಕ್ಕಳು. “ನನ್ ತಂಗೀನ ನೋಡೋಕೆ ಗಂಡಿನೋರು ಬಂದಾಗ ನನ್ನ ಅಟ್ಟ ಅತ್ತಿಸಿದ್ರು ಸಾಮಿ. ಈಗ ಬೀದಿಗೆ ಇಳಿಸವ್ರೆ.”

ಸ್ವಲ್ಪ ಹೊತ್ತಿಗೆ ಬೆಳ್ಳಿಕೂದಲಿನ ಜಪಾನಿ ಮುದುಕರೊಬ್ಬರು, ದುಭಾಷಿ ಕೃಪಾಳ ಜೊತೆ ಅದೇ ಅಂಗಡಿಗೆ ಬಂದು, ಅದೇ ಬೆಂಚಿನಲ್ಲಿ, ಪಟ್ಟಾಭಿರಾಮನ ಮಗ್ಗುಲಲ್ಲೇ ಕೂತರು. ಅವನು ಬೆಂಚಿನ ತುದಿಗೆ ಸರಿದ.

“ತಪಾಸಣೆಗೆ ಬಂದಿರೋರು ಇವರೇ. ಎಪ್ಪತ್ತೆರಡು ವರ್ಷ” ಎಂದಳು ಕೃಪಾ. “ಅವರ ದೇಶದಲ್ಲಿ ಅರವತ್ತೈದು ದಾಟಿದ ಗಂಡಸರಲ್ಲಿ ಮೂವರಿಗೊಬ್ಬರು ಕೆಲಸ ಮಾಡ್ತಾರಂತೆ.”

“ಎಂಗಸ್ರು?” ಎಂದಳು ಮಹಾದೇವಿ.

“ಐವರಿಗೊಬ್ಬರು.”

“ಅಲ್ಲೂ ನಾವೇ ಕಮ್ಮೀನಾ? ಮುಸುರೆ ತಿಕ್ಕೋದು ಲೆಕ್ಕಕ್ಕಿಲ್ವಂತಾ, ಕೇಳವ್ವಾ.”

ಕೃಪಾ ಅದನ್ನು ಅನುವಾದಿಸಲಿಲ್ಲ. ಮುದುಕರೇ ಪಟ್ಟಾಭಿರಾಮನತ್ತ ತಿರುಗಿ ಏನೋ ಕೇಳಿದರು. “ನೀವು ಈ ಕಾರ್ಖಾನೇಲೇ ಕೆಲಸ ಮಾಡ್ತೀರಾ ಅಂತಾರೆ ಸಾರ್” ಎಂದಳು ಕೃಪಾ.

ಹೌದೆಂದರೆ ಶಶಿಕುಮಾರ್ ಕೆಲಸದಿಂದ ತೆಗೆದಾನು. ಇಲ್ಲವೆಂದರೆ ಸುಳ್ಳು. ಅಲ್ಲದೆ, ಎಪ್ಪತ್ತೆರಡರವನೇ ತಪಾಸಣೆಗೆ ಬಂದಿರುವಾಗ ಅರವತ್ತಾರರವನನ್ನು ಬಚ್ಚಿಟ್ಟಿದ್ದು ಯಾರಿಂದ? ಲೆಕ್ಕ ಹೊಂದಲೇ ಇಲ್ಲ.

“ರಿಟೈರ್ಡ್” ಎಂದ.

ಅವರ ಮುಖ ಸಪ್ಪಗಾಯಿತು. ಟೀ ಮುಗಿಸಿ ಒಳಗೆ ಹೋದರು. ಹತ್ತು ನಿಮಿಷವಾಗಿರಲಿಲ್ಲ, ಶಶಿಕುಮಾರ್ ಬೆವರೊರೆಸುತ್ತ ಹೊರಗೆ ಬಂದ.

“ಸಾರ್, ಎಡವಟ್ಟಾಯ್ತು! ಹಿರಿಯರು ಒಬ್ಬರೂ ಇಲ್ಲ, ಹುಡುಗರಿಗೆ ಕಲಿಸೋರ್ಯಾರು, ಆರ್ಡರ್ ಹೆಂಗೆ ಕೊಡೋದು ಅಂತಾರೆ. ಬೇಗ ಬನ್ನಿ. ಅಕ್ಕಾ, ನೀನೂ ಬಾ.”

“ನಾನು ರಿಟೈರ್ಡ್ ಅಂದ್ಬಿಟ್ಟೆ ಕಣೋ!”

“ಅಯ್ಯೋ, ಯಾಕ್ ಸಾರ್ ಹಂಗಂದ್ರಿ?”

“ಬಚ್ಚಿಟ್ಕೊಳ್ಳಿ ಅಂದೋನು ನೀನು. ಈಗ ನಾನು ಇದೀನೋ ಇಲ್ವೋ, ಅದನ್ನಾದ್ರೂ ಹೇಳು.”

ಶಶಿಕುಮಾರ್ ಗಡಿಬಿಡಿಯಲ್ಲಿ ಇಬ್ಬರನ್ನೂ ಒಳಗೆ ಕರೆದೊಯ್ದು, ಪಟ್ಟಾಭಿರಾಮನಿಗೆ ಯಾರದೋ ನೀಲಿ ಅಂಗಿ ತೊಡಿಸಿದ, ತೋಳು ಗಿಡ್ಡವಾಯಿತು. ಮುದುಕರು ಅವನನ್ನು ನೋಡಿದರು, ಕೃಪಾಳನ್ನು ನೋಡಿದರು, ಮತ್ತೆ ಅವನನ್ನೇ ನೋಡಿದರು. ಒಂದು ಶಾಫ್ಟು ಎತ್ತಿ ಅವನ ಮುಂದಿಟ್ಟರು.

ಅಳತೆಯೊಂದನ್ನು ಬಿಟ್ಟು ಏನು ಹೇಳಿದರೂ ಈಗ ಎರಡನೆಯ ಸುಳ್ಳಿನಂತೆಯೇ ಕೇಳಿಸುತ್ತದೆ ಎನಿಸಿತು ಪಟ್ಟಾಭಿರಾಮನಿಗೆ. ಶಾಫ್ಟನ್ನು ಒರೆಸಿ, ಮೈಕ್ರೋಮೀಟರಿನ ತಿರುಪು ತಿರುಗಿಸಿ, ಉಸಿರು ಹಿಡಿದು ಓದಿ ಹೇಳಿದ: 25.003 ಮಿಲಿಮೀಟರ್.